ಯಾರೂ ಎತ್ತದ ಕರೆ

ನವಲಗುಂದ,
ಫೆಬ್ರುವರಿ 30, 2171

ಸುವರ್ಣವ್ವಾ,

ತಾರೀಖು ನೋಡಿ ಮುದುಕಿಗೆ ಅರಳುಮರಳು ಅಂದುಕೊಳ್ಳಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಒಂದಕ್ಕೆ ಇಪ್ಪತ್ತೆಂಟು, ಇನ್ನೊಂದಕ್ಕೆ ಮೂವತ್ತೊಂದು ಎಂದರೆ ಕೆಲಸ ಹೊಂದಿಸುವುದು ಕಷ್ಟವೆಂದು ಯಂತ್ರಗಳು ಅರ್ಜಿ ಹಾಕಿದವು, ನಾವು ಒಪ್ಪಿಕೊಂಡೆವು. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ಬಿದ್ದಿವೆ. ಆಗ ನಾವು ಹೆಣ್ಣುಮಕ್ಕಳು ತವರಿಗೆ ಹೋಗುತ್ತೇವೆ. ಇಲ್ಲಿನ ಕೆಲವು ಮಾತು ನಿನಗೆ ವಿಚಿತ್ರವೆನಿಸಬಹುದು, ಹೊಟ್ಟೆಗೆ ಹಾಕಿಕೋ. ನೀನು ನನ್ನ ಮುತ್ತಜ್ಜಿಯ ಅವ್ವ. ಆದರೆ ಈ ಕಾಗದ ಕೈಸೇರುವಾಗ ನಿನಗೆ ಇಪ್ಪತ್ತಾರು, ನನಗೋ ಅರವತ್ತೊಂಬತ್ತು. ನೀವು ಎನ್ನಬೇಕೋ ನೀನು ಎನ್ನಬೇಕೋ ಎಂದು ಎರಡು ದಿನ ಯೋಚಿಸಿದೆ. ಅವ್ವನಿಗೆ ಯಾರಾದರೂ ನೀವು ಅನ್ನುತ್ತಾರೆಯೇ? ನೀನೇ ಇರಲಿ. ನನ್ನ ಹೆಸರು ಶಿವಲೀಲಾ. ನಿನ್ನ ಮದುವೆ ಯಾರ ಜೊತೆ ಎಂಬುದು ನನಗೆ ಗೊತ್ತು, ಹೇಳುವುದಿಲ್ಲ. ನೀನು ಆಗಲೇ ಒಂದು ಸಲ ಅವನ ಜೊತೆ ಜಗಳವಾಡಿದ್ದೀ, ಅಷ್ಟು ಸಾಕು.

ಹಿಂದಿನ ಕಾಲಕ್ಕೆ ಕಾಗದ ಹಾಕುವುದನ್ನು ನಾವು ಹಿನ್ನಂಚೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನ ಓರಗೆಯವರೆಲ್ಲ ತೀರಿಹೋದ ಗಂಡನಿಗೋ ಅಪ್ಪನಿಗೋ ಬರೆದು ಮುಗಿಸಿದರು. ನಾನು ಮಾತ್ರ ಹದಿನಾಲ್ಕು ವರ್ಷದಿಂದ ನಿನಗಾಗಿ ಇಟ್ಟುಕೊಂಡು ಕೂತಿದ್ದೇನೆ. ಕಾರಣ, ನಿನ್ನ ನೋಟ್‌ಬುಕ್ಕು ನನ್ನ ಬಳಿ ಇದೆ. ಅದರಲ್ಲಿ ನಿನ್ನ ಇವತ್ತಿನ ದಿನವಿದೆ. ಹುಬ್ಬಳ್ಳಿಯ ಆ ತಗಡಿನ ಶೆಡ್ಡಿನಲ್ಲಿ ನೀನು ಹಳ್ಳಿ ಡೇರಿಗಳ ಹಾಲು ತಂಪು ಮಾಡುವ ತೊಟ್ಟಿಗಳಿಗೆ ಅಂಗೈಯಗಲದ ಬೋರ್ಡು ಮಾಡುತ್ತಿದ್ದೀ. ಒಳಗೊಂದು ಸಿಮ್ಮು. ಹಾಲು ಬಿಸಿಯಾದರೆ ತೊಟ್ಟಿ ತಾನೇ ಲಾರಿಗೆ ಸುದ್ದಿ ಕಳಿಸುತ್ತದೆ. ಅದರ ಪ್ರೋಗ್ರಾಮಿಗೆ ನೀನು ಯಾರೂ ಕೇಳದ ಇನ್ನೊಂದು ಸಾಲು ಸೇರಿಸಿದ್ದೀ. ಕಾಲು ತಾಸಿಗೊಮ್ಮೆ ಒಂದು ತೊಟ್ಟಿ ಪಕ್ಕದೂರಿನ ತೊಟ್ಟಿಗೆ ಎರಡು ರಿಂಗು ಕೊಟ್ಟು ಕಟ್ ಮಾಡಬೇಕು, ಅದು ಎತ್ತಬಾರದು. ಕರೆ ಬರದಿದ್ದರೆ ಪಕ್ಕದೂರಿನದು ಸೈರನ್ ಹೊಡೆಯಬೇಕು. ಇವತ್ತು ಮಾಲೀಕ ಮಲ್ಲೇಶಪ್ಪ ಅದನ್ನು ಕಂಡುಹಿಡಿದು ಎಲ್ಲರೆದುರು ಅಂದಿದ್ದಾರೆ: "ಏನವಾ ಸುವರ್ಣಾ, ಏನೂ ಹೇಳದ ಫೋನು ಯಾಕ ಮಾಡಸ್ತೀ? ಗಿರಾಕಿ ನಗತಾರ. ನಾಳೆ ಮುಂಜಾನೆ ಮೊದಲ ಅದನ್ನ ತಗದಬಿಡು."

ನೀನು ಅವರಿಗೆ ಹೇಳದ್ದನ್ನು ನೋಟ್‌ಬುಕ್ಕಿಗೆ ಹೇಳಿದ್ದೀ. ದಿನಾ ಶೆಡ್ಡು ಸೇರಿದ ಮೇಲೆ ನೀನು ನಿಮ್ಮವ್ವನಿಗೆ ಮಿಸ್ ಕಾಲ್ ಕೊಡುತ್ತಿದ್ದೆ. "ನಾ ಎತ್ತೂದಿಲ್ಲ, ನೀ ಮುಟ್ಟಿದಿ ಅಂತ ತಿಳಕೋತೀನಿ" ಎನ್ನುತ್ತಿದ್ದಳಂತೆ ಅವಳು. ಅವಳು ಹೋಗಿ ಮೂರು ತಿಂಗಳು. "ಮಿಸ್ ಕಾಲ್ ಕೊಡಾಕ ನನಗ ಯಾರೂ ಉಳಿಲಿಲ್ಲ, ಅದಕ್ಕ ತೊಟ್ಟಿಗೆ ಕಲಿಸಿದೆ. ಹುಚ್ಚತನಾನ ಖರೆ. ನಾಳೆ ತಗೀತೀನಿ." ಅಲ್ಲಿಗೆ ಹಾಳೆ ಮುಗಿಯುತ್ತದೆ. ಮುಂದಿನದನ್ನೆಲ್ಲ ಗೆದ್ದಲು ತಿಂದಿದೆ.

ಈಗ ನಮ್ಮ ಊರಿನ ಸಂಗತಿ ಕೇಳು. ಇಲ್ಲಿ ಮನುಷ್ಯರಿಗಿಂತ ಯಂತ್ರಗಳೇ ಹೆಚ್ಚು ಮಾತಾಡುತ್ತವೆ, ಅದೂ ತಂತಿಯಿಲ್ಲದೆ. ಹತ್ತಿ ಗಿರಣಿ ಮೋಡವನ್ನು ವಿಚಾರಿಸಿಕೊಂಡು ಗಾಡಿ ಕರೆಸುತ್ತದೆ. ಗಾಡಿ ಸೇತುವೆಯನ್ನು "ನನ್ನ ಭಾರ ತಡೆಯುತ್ತೀಯಾ" ಎಂದು ಕೇಳಿಯೇ ಹತ್ತುತ್ತದೆ. ಆಸ್ಪತ್ರೆಯ ಸಲೈನು ಬಾಟಲಿ ತಾನು ಖಾಲಿಯಾಗುವ ಮೊದಲೇ ಔಷಧ ಅಂಗಡಿಗೆ ಹೇಳುತ್ತದೆ. ಗಾಳಿಯಲ್ಲಿ ಇಷ್ಟೆಲ್ಲ ಮಾತಿಗೆ ಜಾಗವೆಲ್ಲಿದೆ? ಅದಕ್ಕೇ ಸೊಲ್ಲುಪೇಟೆ ಹುಟ್ಟಿತು. ಒಂದು ಯಂತ್ರ ಇನ್ನೊಂದಕ್ಕೆ ಆಡುವ ಪ್ರತಿ ಮಾತೂ ಒಂದು ಸೊಲ್ಲು. ದಿನಾ ಬೆಳಿಗ್ಗೆ ಆರಕ್ಕೆ ಗಿರಣಿಯವರು, ಆಸ್ಪತ್ರೆಯವರು, ಕಾಳಿನವರು ಆ ಪೇಟೆಯಲ್ಲಿ ಅಂದಂದಿನ ಸೊಲ್ಲು ಕೊಳ್ಳುತ್ತಾರೆ. ನಮ್ಮ ಹಳೆಯ ಕಾಯಿಪಲ್ಯೆ ಮಾರ್ಕೆಟ್ಟಿನಷ್ಟೇ ಗದ್ದಲ ಮಾರಾಯ್ತಿ, ಕೂಗುವವರು ಮಾತ್ರ ಯಂತ್ರಗಳು. ನಿನ್ನ ಎರಡು ರಿಂಗಿಗೆ ನಾವು ಬರಿಗೂಗು ಎನ್ನುತ್ತೇವೆ. ಅದರಲ್ಲಿ ಮಾತೇ ಇಲ್ಲವಲ್ಲ, ಹಾಗಾಗಿ ಪೇಟೆಯವರಿಗೆ ಅದನ್ನು ಮಾರಲು ಬರುವುದಿಲ್ಲ. ನಿನ್ನ ಬೋರ್ಡನ್ನು ನಕಲು ಮಾಡಿದವರು, ಆ ನಕಲನ್ನು ನಕಲು ಮಾಡಿದವರು, ಆ ಸಾಲು ಯಾಕಿದೆ ಎಂದು ತಿಳಿಯದೆ, ತೆಗೆದರೆ ಎಲ್ಲಿ ಏನು ಕೆಡುವುದೋ ಎಂಬ ಹೆದರಿಕೆಗೆ ಹಾಗೇ ಬಿಟ್ಟರು. ಹಾಲಿನ ತೊಟ್ಟಿಯಿಂದ ಐಸ್ ಕಾರ್ಖಾನೆಗೆ, ಅಲ್ಲಿಂದ ಲೇತ್ ಯಂತ್ರಕ್ಕೆ, ಅಲ್ಲಿಂದ ಲಿಫ್ಟಿಗೆ ಅದು ಹಬ್ಬಿತು.

ಹದಿನಾಲ್ಕು ವರ್ಷದ ಹಿಂದೆ ನನ್ನ ಮಗಳು ಕಸ್ತೂರಿ ಊರ ಹಗೇವಿಗೆ ಇಳಿದಳು. ನಿನ್ನ ಕಾಲದ ಹಗೇವು ಒಂದು ಮನೆಯ ಜೋಳದ ಗುಂಡಿ, ನಮ್ಮದು ಮೂರಂತಸ್ತು ನೆಲದೊಳಗಿರುವ ಕಾಳಿನ ಗೋದಾಮು. ತಳದ ಗಾಳಿಪಂಖ ಸದ್ದು ಮಾಡುತ್ತಿದೆಯೆಂದು ಒಬ್ಬಳೇ ನೋಡಲು ಹೋದಳು, ನನಗೊಂದು ಮಾತು ಹೇಳದೆ. ಅವತ್ತು ಹತ್ತಿಯ ಮೇಲೆ ಮಳೆ ಬರುತ್ತದೆಂದು ಗಿರಣಿಗಳು ಪೇಟೆಯ ಸೊಲ್ಲನ್ನೆಲ್ಲ ಬಾಚಿಕೊಂಡಿದ್ದವು. ನಮ್ಮ ಹಗೇವಿನ ಪಾಲು ಮಧ್ಯಾಹ್ನಕ್ಕೇ ಮುಗಿದಿತ್ತು. ಪಂಖ ನಿಂತಿತು, ಒಳಗೆ ಕೆಟ್ಟ ಗಾಳಿ ತುಂಬಿತು. ಗಾಳಿ ಅಳೆಯುವ ಯಂತ್ರಕ್ಕೆ ಎಲ್ಲವೂ ತಿಳಿದಿತ್ತು, ಹೊರಗೆ ಹೇಳಲು ಸೊಲ್ಲಿರಲಿಲ್ಲ. ಆದರೆ ನಿಂತ ಪಂಖದಿಂದ ಎದುರಿನ ಹಿಟ್ಟಿನ ಗಿರಣಿಗೆ ಹೋಗಬೇಕಾದ ಬರಿಗೂಗು ಹೋಗಲಿಲ್ಲ. ಗಿರಣಿ ಒಮ್ಮೆಲೇ ಸೈರನ್ ಹೊಡೆಯಿತು. ಗಿರಣಿಯ ಫಕೀರಪ್ಪ ಮೈಯೆಲ್ಲ ಹಿಟ್ಟು ಮಾಡಿಕೊಂಡೇ ಓಡಿದ. "ಒಳಗ ಯಾರರ ಅದಾರೇನ್ರೋ!" ಎಂಬ ಅವನ ಕೂಗು ನನ್ನ ಮನೆಗೂ ಕೇಳಿತು. ಹಗ್ಗ ಕಟ್ಟಿ ಮೇಲೆಳೆದಾಗ ಅವಳ ತುಟಿ ನೀಲಿ. ಕಣ್ಣು ಬಿಟ್ಟವಳೇ "ಅವ್ವಾ, ಚಪ್ಪಲಿ ಒಳಗ ಉಳದಾವು" ಅಂದಳು. ಮೊದಲು ಕಪಾಳಕ್ಕೊಂದು ಕೊಟ್ಟೆ, ಆಮೇಲೆ ತಬ್ಬಿಕೊಂಡು ಬೀದಿಯಲ್ಲೇ ಕೂತು ಅತ್ತೆ.

ನೀನು ಆ ಸಾಲು ಉಳಿಸಿದೆ, ಅಷ್ಟು ಗೊತ್ತು. ಯಾಕೆ ಉಳಿಸಿದೆ, ಅದು ಗೆದ್ದಲಿನ ಹೊಟ್ಟೆಯಲ್ಲಿದೆ. ಹಟಕ್ಕೋ, ಮರೆತೋ, ಅಥವಾ ಯಾವುದೋ ಮುದುಕಿಯ ಕಾಗದ ಓದಿಯೋ? ಈ ಕೊನೆಯ ಸಂಶಯ ಹದಿನಾಲ್ಕು ವರ್ಷ ನನ್ನನ್ನು ನೆಮ್ಮದಿಯಾಗಿ ಇರಗೊಟ್ಟಿಲ್ಲ. ನಾನು ಬರೆಯದಿದ್ದರೆ ನೀನು ಸಾಲು ತೆಗೆದುಬಿಡುತ್ತೀಯೇನೋ, ಕಸ್ತೂರಿ ಹಗೇವಿನಲ್ಲೇ ಉಳಿದುಬಿಡುತ್ತಾಳೇನೋ. ಬರೆಯದೆ ಸುಮ್ಮನಿದ್ದು ಏನಾಗುತ್ತದೋ ನೋಡೋಣ ಎನ್ನುವ ಗುಂಡಿಗೆ ನನಗಿಲ್ಲ. ಎಷ್ಟು ದಿನ ಅಂತ ಮುಂದೂಡಲಿ, ಇನ್ನೊಂದು ವರ್ಷಕ್ಕೆ ಎಪ್ಪತ್ತು, ಅದಕ್ಕೇ ಇವತ್ತು ಕೂತೆ.

ಅದು ಹುಚ್ಚುತನವಲ್ಲ ಸುವರ್ಣವ್ವಾ. ಅವ್ವನ ನೆನಪಿಗೆ ಅಳುತ್ತಾ ಮಾಡಿದ ಕೆಲಸವೆಂದು ನಾಚಿಕೊಳ್ಳಬೇಡ. ಮಲ್ಲೇಶಪ್ಪ ನಾಳೆ ಬೈಯಲಿ, ಗಿರಾಕಿ ನಗಲಿ, ಬೇಕಾದರೆ ತೆಗೆದೆನೆಂದು ಸುಳ್ಳು ಹೇಳು. ಹಿರಿಯಳಾಗಿ ಅಪ್ಪಣೆ ಕೊಡುತ್ತಿದ್ದೇನೆ, ಮರಿಮಗಳ ಮಗಳಾಗಿ ಕಾಲು ಹಿಡಿಯುತ್ತಿದ್ದೇನೆ, ನಿನಗೆ ಯಾವುದು ಸರಿಯೋ ಅದನ್ನು ತೆಗೆದುಕೋ.

ಕಸ್ತೂರಿಗೆ ಈಗ ನಲವತ್ತಮೂರು. ಈ ಕಾಗದದ ವಿಷಯ ಅವಳಿಗೆ ಹೇಳಿಲ್ಲ. ಒಳಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ, ಸಪ್ಪಳ ಇಲ್ಲಿಗೆ ಚೆನ್ನಾಗಿ ಕೇಳುತ್ತಿದೆ. ನಾನೀಗ ಇದನ್ನು ಮಡಚಿ ಹಿನ್ನಂಚೆಗೆ ಹಾಕುತ್ತೇನೆ. ಹಾಕಿ ಬಂದಮೇಲೂ ಆ ಸಪ್ಪಳ ಕೇಳಬೇಕು ನನಗೆ.

ನಿನ್ನ ಶಿವಲೀಲಾ