ಸಾಬೂನ ನೀರಿನ್ಯಾಗಿನ ಗುಳ್ಳಿ

೧೨ ಜನವರಿ ೨೦೨೫, ರವಿವಾರ. ಹಳಿಯಾಳ.

ಎರಡು ವರ್ಷದ ಕೆಲಸ ಇವತ್ತು ಒಂದು ಬಕೆಟ್ ಸಾಬೂನ ನೀರಿನ್ಯಾಗ ಮುಳುಗಿತು.

ಕಬ್ಬಿನ ಸಿಪ್ಪಿ ಸುಟ್ಟು ಮಾಡಿದ ನನ್ನ ಇದ್ದಿಲು ಹೈಡ್ರೋಜನ್ ಹಿಡದಿಡತೈತಿ ಅಂತ ಪ್ರಬಂಧ ಬರದೆ, ಅಚ್ಚೂ ಆತು. ಆಮ್ಯಾಲ ಹೊಸಾ ಸಿಲಿಂಡರಿಗೆ ಹಾಕಿದರ ಏನೂ ಹಿಡೀವಲ್ದು. ಕಬ್ಬಿಗೆ ಬೈದೆ, ಮಳಿಗೆ ಬೈದೆ. ಕಡೀಕ ನನ್ನ ವಿದ್ಯಾರ್ಥಿನಿ ಸಹನಾಗ, ನಿನ್ನ ಕೈಗುಣಾನ ಸರಿ ಇಲ್ಲ ಅಂದೆ.

"ಹಳೇ ಸಿಲಿಂಡರ್ ಸೋರತಿತ್ತೇನೋ, ಮೇಡಮ್" ಅಂದಿದ್ದಳು ಆಕಿ. ಎಲ್ಲಾರ ಮುಂದ ಬಾಯಿ ಮುಚ್ಚಿಸಿದೆ. ಹೋದ ತಿಂಗಳ ಸಂಶೋಧನೆ ಬಿಟ್ಟು ತನ್ನೂರು ಮುಂಡಗೋಡಕ್ಕ ಹೋದಳು.

ಇವತ್ತು ಆ ಹಳೇ ಸಿಲಿಂಡರನ್ನ ವೆಲ್ಡಿಂಗ್ ಅಂಗಡಿ ಹಾಶಿಮ ಚಾಚಾನ ಕಡೆ ಒಯ್ದೆ. ಗಾಳಿ ತುಂಬಿ, ಸಾಬೂನ ನೀರಿನ್ಯಾಗ ಅದ್ದಿದರು. ವಾಲ್ವಿನ ಕುತ್ತಿಗ್ಯಾಗಿಂದ ಸಾಸಿವಿಯಷ್ಟು ಗುಳ್ಳಿ ಎದ್ದು ಬಂತು. ಹಿಂದ ಇನ್ನೊಂದು.

"ಸೋರತೈತಿ ಬೇಟಿ. ನಾವು ಬೆಂಕಿ ಹಚ್ಚೂಕ ಮೊದಲ ಇದನ್ನ ನೋಡ್ತೀವಿ."

ಒಳಗ ಒತ್ತಡ ಇಳದಾಗೆಲ್ಲ ಇದ್ದಿಲು ಗ್ಯಾಸ್ ಹೀರಿಕೊಂಡ್ತು ಅಂತ ಬರಕೊಂಡಿದ್ದೆ. ಅದು ಹೊರಗ ಹೊಂಟಿತ್ತು.

ಪ್ರಬಂಧ ಹಿಂದ ತಗೋತೇನಿ, ಅದೇನು ದೊಡ್ಡದಲ್ಲ. ಸಹನಾನ ನಂಬರ್ ಮೂರು ಸಲ ತಗದು ಫೋನ್ ಕೆಳಗಿಟ್ಟೆ. ಆಕಿ ಬೈದರ ತಡಕೊಂಡೇನು. "ಇರಲಿ ಬಿಡ್ರಿ ಮೇಡಮ್" ಅಂದುಬಿಟ್ಟರ ಹ್ಯಾಂಗ ತಡಕೊಳ್ಳಲಿ?