ಮಾರಯ್ಯನನ್ನು ಸುಡುವ ಮೊದಲು

೧೨-೨-೧೯೭೯

ವಕೀಲರಾದ ಸುಬ್ಬಕೃಷ್ಣ ಚಿಕ್ಕಪ್ಪನವರಿಗೆ,

ಮಧ್ಯಾಹ್ನ ಮೂರಕ್ಕೆ, ಮಗುವಿನ ಪಕ್ಕ ಕಣ್ಣು ಮುಚ್ಚಿದ್ದವಳನ್ನು ಗುಂಡಿನ ಸದ್ದು ಎಬ್ಬಿಸಿತು. ನಮಗೆ ಜೇನು ತರುತ್ತಿದ್ದ ಇರುಳಿಗರ ಮಾರಯ್ಯನನ್ನು ಪೊಲೀಸರು ಅವನ ಗುಡಿಸಲ ಬಾಗಿಲಲ್ಲೇ ಕೊಂದರು. ಜ್ವರದವನು ಮೂರು ದಿನದಿಂದ ಕಾಣುತ್ತಿಲ್ಲ, ಹೋಗಿ ನೋಡಿ ಬನ್ನಿ ಎಂದು ಠಾಣೆಗೆ ಬರೆದುಕೊಟ್ಟವಳು ನಾನೇ.

ಗೆಣಸು ಅಗೆಯುವ ಕೋಲೆತ್ತಿ ಹೊಡೆಯಲು ಬಂದನೆಂದು ಪೊಲೀಸರು ಹೇಳುತ್ತಾರೆ. ‘ನಿಂತ್ಕಳಾಕೆ ಊರ್ಕಂಡಿದ್ದ ಕಣವ್ವಾ, ಹೊಡೆಯಾಕಲ್ಲ’ ಎಂದು ಅವನ ಹೆಂಡತಿ ಅಳುತ್ತಾಳೆ. ನಮ್ಮ ಯಜಮಾನರು, ‘ನಿನ್ನ ಬಿ.ಎ. ಬುದ್ಧಿ ಸಾಕು, ಸುಮ್ನಿರು’ ಎನ್ನುತ್ತಾರೆ. ಹೇಗೆ ಸುಮ್ಮನಿರಲಿ?

ಇರುಳಿಗರು ಹೂಳುವವರು. ಆದರೂ ಪೊಲೀಸರು ನಾಳೆ ಬೆಳಿಗ್ಗೆಯೇ ಸುಡಲು ಸೌದೆ ತರಿಸಿದ್ದಾರೆ. ಸುಟ್ಟ ಮೇಲೆ ಗುಂಡೇಟನ್ನು ಯಾರಿಗೆ ತೋರಿಸುವುದು?

ಆರರ ತುಮಕೂರು ಬಸ್ಸಿನ ಕಂಡಕ್ಟರ್ ಕೈಲಿ ಇದನ್ನು ಕಳಿಸುತ್ತಿದ್ದೇನೆ. ಮೊದಲು ಪೋಸ್ಟ್‌ಮಾರ್ಟಂ ಆಗಲೆಂದು ಜಿಲ್ಲಾಧಿಕಾರಿಗೆ ಹೇಳಿ. ನಿಮ್ಮ ಕಾಲಿಗೆ ಬೀಳುತ್ತೇನೆ ಚಿಕ್ಕಪ್ಪ, ಬೆಳಗಾಗುವುದರೊಳಗೆ ಅವರಿಗೆ ಫೋನ್ ಮಾಡಿ.

ನಿಮ್ಮ
ಕೌಸಲ್ಯ