ನನಗೆ ಕೇಳಿಸದ ಹಾಡು

ಗುರುವಾರ, ಮಾರ್ಚ್ ೧೨

ಫ್ಯಾನ್ ಬದಲಿಸಿಕೊಟ್ಟರೂ ಆ ದರ್ಜಿ ಹುಡುಗಿಯ ಕಂಪ್ಯೂಟರ್ ನನ್ನ ಅಂಗಡಿಗೆ ರಿಪೇರಿಗೆ ಮತ್ತೆ ಬಂತು. "ಪವರ್ ಸಪ್ಲೈ ಇನ್ನೂ ಕೀಂಯ್ ಅಂತಿದೆ ಅಂಕಲ್." ಕಿವಿ ಇಟ್ಟೆ, ನನ್ನ ಮುಂದೆ ಅದು ಪಿಟ್ಟೆನ್ನಲಿಲ್ಲ. ನಿನ್ನ ಭ್ರಮೆಯೆಂದು ರೇಗಿದೆ.

ಪರೀಕ್ಷಿಸಲು ಅವಳನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ, ಪರದೆಯ ಮೇಲೆ ಅವಳ ಕಸೂತಿ ವಿನ್ಯಾಸದ ಹೂವನ್ನು ಗಿರಗಿರನೆ ತಿರುಗಿಸಿದೆ. "ಈಗ ಸದ್ದು ಏರ್ತು." ನಿಲ್ಲಿಸಿದೆ. "ಇಳೀತು." ಒಮ್ಮೆಯೂ ತಪ್ಪಲಿಲ್ಲ! ಹೂವು ತಿರುಗಿದರೆ ಕಂಪ್ಯೂಟರ್ ಎಳೆಯುವ ಕರೆಂಟು ಹೆಚ್ಚಿ, ಪವರ್ ಸಪ್ಲೈಯೊಳಗಿನ ತಾಮ್ರದ ಸುರುಳಿ ನಡುಗಿ ಹಾಡುತ್ತದೆ. ನನ್ನ ಮುದಿ ಕಿವಿಗೆ ಮಾತ್ರ ಎಟುಕುವುದಿಲ್ಲ. ಬೇರೆ ಪವರ್ ಸಪ್ಲೈ ಹಾಕಿದೆ. ಸದ್ದು ನಿಂತಿತೆಂದು ಅವಳೇ ಹೇಳಬೇಕಾಯಿತು.

ಮನೆಗೆ ಬಂದು, ಇಲ್ಲೇನಾದರೂ ಸದ್ದು ಮಾಡುತ್ತಿದೆಯೇ ಎಂದು ಮಗಳನ್ನು ಕೇಳಿದೆ.

"ಚಾರ್ಜರ್ ಯಾವಾಗ್ಲೂ ಹಾಡ್ತಾನೇ ಇರುತ್ತಲ್ಲಪ್ಪಾ, ಗೊತ್ತಿಲ್ವಾ?"

ಈಗ ಅದರ ಪಕ್ಕದಲ್ಲೇ ಉಸಿರು ಬಿಗಿಹಿಡಿದು ಕೂತಿದ್ದೇನೆ. ಹಾಡುತ್ತಿರಬೇಕು.